ನೆರಳಿನ ತೋಟದಲ್ಲಿ ಹೋಸ್ಟಾ ಬೆಳೆಸುವ ಬಗೆ

ಹೋಸ್ಟಾ ಗಿಡವನ್ನು ಹೂವಿಗಿಂತ ಹೆಚ್ಚಾಗಿ ಎಲೆಗಾಗಿ ಬೆಳೆಸುತ್ತಾರೆ. ಜಪಾನ್, ಕೊರಿಯಾ, ಚೀನಾಗಳ ತೇವವುಳ್ಳ ಕಾಡುಗಳ ಮೂಲದ ಈ ಬಹುವಾರ್ಷಿಕ ಸಸ್ಯವು ಚಳಿಗಾಲದಲ್ಲಿ ಎಲೆಗಳನ್ನೆಲ್ಲ ಕಳೆದುಕೊಂಡು ನೆಲದೊಳಗೆ ವಿಶ್ರಮಿಸಿ, ವಸಂತ ಬಂದಾಗ ಸುರುಳಿ ಸುತ್ತಿದ ಚೂಪು ಚಿಗುರುಗಳಾಗಿ ಮತ್ತೆ ಮೇಲೇಳುತ್ತದೆ. ಆ ವಿಶ್ರಾಂತಿಗೆ ಸುಮಾರು 6 ವಾರಗಳ ಕಾಲ 5 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಚಳಿ ಬೇಕು. ಅದು ಸಿಗದ ಕಡೆ ಗಿಡವು ವರ್ಷದಿಂದ ವರ್ಷಕ್ಕೆ ಸೊರಗುವುದರಿಂದ, ನಿಜವಾದ ಚಳಿಗಾಲವಿಲ್ಲದ ಸೀಮೆಯಲ್ಲಿ ಇದನ್ನು ನೆಡಲು ನಾನು ಯಾರಿಗೂ ಸಲಹೆ ಕೊಡುವುದಿಲ್ಲ.

ಹೋಸ್ಟಾ ನೆರಳನ್ನು ತಾಳಿಕೊಳ್ಳುತ್ತದೆ ಎಂದ ಮಾತ್ರಕ್ಕೆ ಅದಕ್ಕೆ ಕತ್ತಲೆ ಇಷ್ಟವೆಂದು ಭಾವಿಸಬಾರದು. ಬೆಳಗಿನ ಎಳೆಬಿಸಿಲು ಬಿದ್ದು ಮಧ್ಯಾಹ್ನ ನೆರಳಾಗುವ ಜಾಗ, ಇಲ್ಲವೇ ಮರದ ರೆಂಬೆಗಳ ನಡುವಿನಿಂದ ಬೆಳಕು ಸೋಸಿ ಬರುವ ಜಾಗ ಅದಕ್ಕೆ ಹೇಳಿಮಾಡಿಸಿದಂಥದ್ದು. ತಳಿಯ ಎಲೆಯ ಬಣ್ಣವನ್ನು ನೋಡಿಯೇ ಜಾಗವನ್ನು ಆರಿಸಬೇಕು. ನೀಲಿ ಛಾಯೆಯ ‘ಹ್ಯಾಲ್ಸಿಯನ್’ನಂಥ ತಳಿಗಳಲ್ಲಿ ಆ ನೀಲಿಯು ಎಲೆಯ ಮೇಲಿನ ತೆಳುವಾದ ಮೇಣದ ಲೇಪದಿಂದ ಬಂದದ್ದು, ಬಿಸಿಲಿಗೆ ಅದು ಕರಗಿ ಎಲೆ ಬರಿಯ ಹಸಿರಾಗುತ್ತದೆ. ಹಳದಿ ಎಲೆಯವು ಒಂದಿಷ್ಟು ಬಿಸಿಲು ಕಂಡಾಗಲೇ ಬಣ್ಣಗೂಡುತ್ತವೆ. ಅಗಲವಾದ ಬಿಳಿ ಪಟ್ಟೆಯಿರುವ ಎಲೆಗಳು ಬೇಗ ಸುಡುತ್ತವೆ. ಪರಿಮಳದ ಬಿಳಿ ಹೂ ಬಿಡುವ ಪ್ಲಾಂಟಜಿನಿಯಾ ಪ್ರಭೇದವು ಇತರ ಹೋಸ್ಟಾಗಳಿಗಿಂತ ಹೆಚ್ಚು ಬಿಸಿಲನ್ನು ಸಹಿಸುತ್ತದೆ.

ಮಣ್ಣು ಸಡಿಲವಾಗಿದ್ದು, ತೇವವನ್ನು ಹಿಡಿದಿಟ್ಟುಕೊಂಡರೂ ನೀರು ನಿಲ್ಲದಂತಿರಬೇಕು. ಬೇರುಗಳು ಆಳಕ್ಕಿಂತ ಹೆಚ್ಚಾಗಿ ಅಗಲಕ್ಕೆ ಹರಡುವುದರಿಂದ ಗುಂಡಿಯನ್ನೂ ಅಗಲವಾಗಿ ತೋಡಿ, ಚೆನ್ನಾಗಿ ಕಳಿತ ಎಲೆಗೊಬ್ಬರ ಬೆರೆಸಿ, ಚಿಗುರೊಡೆಯುವ ಬುಡವು ನೆಲದ ಮಟ್ಟಕ್ಕೆ ಬರುವಂತೆ ನೆಡಬೇಕು. ಎಷ್ಟೋ ತೋಟಗಳಲ್ಲಿ ಹೋಸ್ಟಾ ಬೆಳೆಯದಿರುವುದಕ್ಕೆ ನೆರಳನ್ನು ದೂರುತ್ತಾರೆ. ಆದರೆ ಮೇಪಲ್‌ನಂತೆ ಮೇಲುಮಣ್ಣಿನಲ್ಲೇ ಬೇರು ಹೆಣೆಯುವ ಮರವು ಪಾತಿಯ ನೀರನ್ನೆಲ್ಲ ಹೀರಿಕೊಳ್ಳುತ್ತಿರುವುದೇ ಅನೇಕ ವೇಳೆ ನಿಜವಾದ ಕಾರಣ. ಅಂಥ ಮರದಿಂದ ದೂರ ನೆಡುವುದು, ಆಗದಿದ್ದರೆ ಕುಂಡದಲ್ಲಿ ಬೆಳೆಸುವುದು ಒಳ್ಳೆಯದು.

ಮಳೆಯೂ ಸೇರಿ ವಾರಕ್ಕೆ ಸುಮಾರು 2.5 ಸೆಂಟಿಮೀಟರ್ ನೀರು ಸಿಗಬೇಕು. ನೀರನ್ನು ಬೆಳಿಗ್ಗೆ, ಬುಡಕ್ಕೇ ಹಾಯಿಸಿ. ಸಂಜೆ ನೆನೆದ ಎಲೆಗಳು ಹೋಸ್ಟಾದ ಮುಖ್ಯ ಶತ್ರುಗಳಾದ ಸಿಂಬಳದ ಹುಳು ಮತ್ತು ಬಸವನಹುಳುಗಳಿಗೆ ಆಹ್ವಾನವಿತ್ತಂತೆ. ಅವು ರಾತ್ರಿ ಹೊರಬಂದು ಎಲೆಗಳಲ್ಲಿ ತೂತು ಕೊರೆಯುತ್ತವೆ. ಚಿಗುರೊಡೆಯುವ ಸಮಯದಲ್ಲಿ ಆದ ಗಾಯವು ಎಲೆ ಬಿಚ್ಚಿಕೊಂಡ ಮೇಲೆ ಇಡೀ ಋತುವಿನಲ್ಲಿ ಕಾಣುವುದರಿಂದ ಚಿಗುರು ಇಣುಕಿದ ದಿನದಿಂದಲೇ ಕಾವಲಿರಬೇಕು: ರಾತ್ರಿ ಟಾರ್ಚ್ ಹಿಡಿದು ಹುಳುಗಳನ್ನು ಆರಿಸಿ ತೆಗೆಯಬಹುದು, ಕಬ್ಬಿಣದ ಫಾಸ್ಫೇಟಿನ ಹರಳುಗಳನ್ನು ಎರಚಬಹುದು. ದಪ್ಪ ಎಲೆಯ ತಳಿಗಳಿಗೆ ಈ ಕಾಟ ಕಡಿಮೆ. ಹೋಸ್ಟಾದಲ್ಲಿರುವ ಸಪೋನಿನ್ ನಾಯಿ, ಬೆಕ್ಕುಗಳಿಗೆ ವಿಷವಾದ್ದರಿಂದ ಅವು ಎಲೆ ಜಗಿಯದಂತೆ ನೋಡಿಕೊಳ್ಳಬೇಕು.

ಗಿಡವು ತನ್ನ ಪೂರ್ಣ ರೂಪಕ್ಕೆ ಬರಲು ಸಾಮಾನ್ಯವಾಗಿ 4–5 ವರ್ಷ ಹಿಡಿಯುತ್ತದೆ. ಅಲ್ಲಿಯವರೆಗೆ ಬುಡವನ್ನು ಕೀಳದಿರುವುದೇ ಲೇಸು. ಆಮೇಲೆ ಗಿಡಗಳನ್ನು ಹೆಚ್ಚಿಸಬೇಕೆಂದರೆ, ವಸಂತದಲ್ಲಿ ಎಲೆ ಬಿಚ್ಚುವ ಮೊದಲು ಬುಡವನ್ನು ಅಗೆದು, ಪ್ರತಿ ತುಂಡಿನಲ್ಲೂ ಚಿಗುರು ಮತ್ತು ಬೇರು ಎರಡೂ ಉಳಿಯುವಂತೆ ಹರಿತವಾದ ಚಾಕುವಿನಿಂದ ಸೀಳಿ ನೆಡಬೇಕು. ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವ ಮುನ್ನ ಚಾಕುವನ್ನು ತೊಳೆದು ಸೋಂಕುನಿವಾರಕದಲ್ಲಿ ಅದ್ದಲೇಬೇಕು, ಏಕೆಂದರೆ 1996ರಲ್ಲಿ ಗುರುತಿಸಲಾದ ‘ಹೋಸ್ಟಾ ವೈರಸ್ ಎಕ್ಸ್’ ಗಿಡದ ರಸದ ಮೂಲಕವೇ ಹರಡುತ್ತದೆ. ನರಗಳ ಉದ್ದಕ್ಕೂ ಶಾಯಿ ಸೋರಿದಂಥ ಕಲೆ, ಉಬ್ಬುತಗ್ಗಾದ ಎಲೆ ಇದರ ಗುರುತುಗಳು. ಕೆಲವೊಮ್ಮೆ ಇವು ಕಾಣಿಸಿಕೊಳ್ಳಲು ವರ್ಷಗಳೇ ಬೇಕಾಗುವುದರಿಂದ ಹೊಸ ಗಿಡವನ್ನು ಕೊಳ್ಳುವಾಗ ಪ್ರತಿ ಎಲೆಯನ್ನೂ ಪರೀಕ್ಷಿಸಬೇಕು. ಈ ರೋಗಕ್ಕೆ ಮದ್ದಿಲ್ಲ. ಎಷ್ಟೇ ಪ್ರೀತಿಯ ಗಿಡವಾದರೂ ಬೇರುಸಮೇತ ಕಿತ್ತು ನಾಶಪಡಿಸಬೇಕು ಮತ್ತು ಮಣ್ಣಿನಲ್ಲಿ ಉಳಿದ ಬೇರುಗಳು ಪೂರ್ತಿ ಸಾಯುವವರೆಗೆ ಆ ಜಾಗದಲ್ಲಿ ಮತ್ತೊಂದು ಹೋಸ್ಟಾವನ್ನು ನೆಡಬಾರದು.