ಸೀರೆಯೊಳಗಿನ ಬೆಲ್ಟು

ಸಮತೋಲನಕ್ಕೆ ನೆರವಾಗುವ ಸಾಧನ ಮಾಡೋಣ ಅಂದಾಗ ಜೊತೆಯವರು ಸೂಚಿಸಿದ್ದು ಶೂ ಒಳಗಿಡುವ ಸೆನ್ಸರನ್ನು. ನಾನು ಒಪ್ಪಲಿಲ್ಲ. ನಮ್ಮ ಮನೆಗಳಲ್ಲಿ ಚಪ್ಪಲಿ ಹೊಸ್ತಿಲಾಚೆಯೇ ಉಳಿಯುತ್ತದೆ. ರಾತ್ರಿ ನೀರು ಕುಡಿಯಲು ಏಳುವ ಅಜ್ಜಿ ನಡೆಯುವುದು ಬರಿಗಾಲಲ್ಲಿ. ಹಾಗಾಗಿ ಮೈ ವಾಲಿದರೆ ನಡುಗಿ ಎಚ್ಚರಿಸುವ ಸೊಂಟದ ಬೆಲ್ಟನ್ನು ಆರಿಸಿಕೊಂಡೆ.

ನೆಟ್ಟಗೆ ನಿಲ್ಲಲು ಕಣ್ಣು, ಒಳಕಿವಿ, ಪಾದದ ಸ್ಪರ್ಶ, ಕೀಲು–ಸ್ನಾಯುಗಳ ಅರಿವು ಎಲ್ಲವೂ ಒಟ್ಟಿಗೆ ದುಡಿಯಬೇಕು. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರು ಹೆಚ್ಚಾಗಿ ಕಣ್ಣನ್ನೇ ನೆಚ್ಚಿಕೊಂಡಿರುತ್ತಾರೆ. ದೀಪ ಆರಿದರೆ ಆ ಆಸರೆಯೂ ಹೋಯಿತು. ಪಾದ ಹೇಳಬೇಕಾದ್ದನ್ನು ಸೊಂಟದ ಚರ್ಮ ಹೇಳುವಂತೆ ಮಾಡುವುದು ನನ್ನ ಉದ್ದೇಶ.

ಬೆನ್ನ ಕೆಳಭಾಗಕ್ಕೆ ಬರುವಂತೆ ಒಂದು ಸೆನ್ಸರ್, ಅದರಲ್ಲಿ ಭೂಮಿಯ ಸೆಳೆತವನ್ನೂ ಚಲನೆಯ ಏರಿಳಿತವನ್ನೂ ಅಳೆಯುವ ಆಕ್ಸೆಲೆರೋಮೀಟರ್ ಮತ್ತು ತಿರುಗುವ ವೇಗ ಅಳೆಯುವ ಜೈರೋಸ್ಕೋಪ್. ಜೈರೋಸ್ಕೋಪ್ ಬೇಗ ಸ್ಪಂದಿಸುತ್ತದೆ, ಆದರೆ ಅದರ ಲೆಕ್ಕ ಹೊತ್ತು ಹೋದಂತೆ ಜಾರುತ್ತದೆ. ಆಕ್ಸೆಲೆರೋಮೀಟರ್ ಜಾರುವುದಿಲ್ಲ, ನಡಿಗೆಯ ಕುಲುಕಾಟಕ್ಕೆ ಮಾತ್ರ ಗಲಿಬಿಲಿಯಾಗುತ್ತದೆ. ಎರಡನ್ನೂ ಬೆರೆಸಿ ವಾಲುವ ಕೋನ ತೆಗೆಯುತ್ತೇನೆ. ಎಚ್ಚರಿಸುವುದಕ್ಕೆ ಬೆಲ್ಟಿನ ಮುಂದೆ, ಹಿಂದೆ ನಡುಗುವ ಮೋಟರುಗಳಿವೆ. ಫೋನಿನಲ್ಲಿರುವಂಥ ಈ ಪುಟ್ಟ ಮೋಟರು ವೇಗ ಹಿಡಿಯಲೂ ಹತ್ತಾರು ಮಿಲಿಸೆಕೆಂಡು ಬೇಕು. ಕೋನವನ್ನಷ್ಟೇ ನೋಡುತ್ತ ಕೂತರೆ ಎಚ್ಚರಿಕೆ ತಡವಾಗುತ್ತದೆ. ಅದಕ್ಕೇ ವಾಲುವ ವೇಗವನ್ನೂ ಲೆಕ್ಕಕ್ಕೆ ಸೇರಿಸಿದೆ. ಚರ್ಮದ ಆಳದ ನರಗಳು 250 ಹರ್ಟ್ಜ್, ಅಂದರೆ ಸೆಕೆಂಡಿಗೆ 250 ಸಲ, ಆಸುಪಾಸಿನ ಕಂಪನವನ್ನು ಚೆನ್ನಾಗಿ ಗುರುತಿಸುತ್ತವೆ, ಮೋಟರನ್ನು ಆ ಲೆಕ್ಕದಲ್ಲೇ ಆರಿಸಿದ್ದು.

ಇಷ್ಟೆಲ್ಲ ಪ್ರಯೋಗಾಲಯದಲ್ಲಿ ಸಲೀಸು. ನಿಜವಾದ ಪಾಠ ಶುರುವಾದದ್ದು ಫಿಸಿಯೋಥೆರಪಿ ಕೊಠಡಿಯಲ್ಲಿ. ಮುಂದಿನ ಮೋಟರು ಬರುವ ಜಾಗದಲ್ಲೇ ಸೀರೆಯ ನೆರಿಗೆ! ಅಷ್ಟು ಪದರ ಬಟ್ಟೆ ದಾಟಿ ಕಂಪನ ಮೈಗೆ ತಲುಪುವುದೇ ಇಲ್ಲ. ವೆಲ್ಕ್ರೋಗೆ ಸೀರೆಯ ನೂಲು ಸಿಕ್ಕಿಕೊಳ್ಳುತ್ತದೆ, ಬಕಲ್ ಹಾಕಲು ಗಂಟುನೋವಿನ ಬೆರಳು ಬಗ್ಗುವುದಿಲ್ಲ. ಒಬ್ಬ ಅಮ್ಮ ಬೆಲ್ಟನ್ನು ತಿರುಗಿಸಿ ಮುರುಗಿಸಿ ನೋಡಿ, "ಇದನ್ನ ಲಂಗದ ಲಾಡಿ ಜಾಗಕ್ಕೇ ಹೊಲಿಸಿಬಿಡಪ್ಪ, ಬೇರೆ ಕಟ್ಕೊಳ್ಳೋ ತಾಪತ್ರಯ ಯಾಕೆ" ಅಂದರು. ಈಗಿನ ವಿನ್ಯಾಸ ಅವರದೇ: ತೆಳು ಹತ್ತಿಪಟ್ಟಿ, ಲಾಡಿಯಿಂದಲೇ ಬಿಗಿತ, ಒಗೆಯುವಾಗ ಮೋಟರು–ಸೆನ್ಸರು ಬಿಚ್ಚಿಡಬಹುದು.

ಮುಂದಕ್ಕೆ ವಾಲಿದರೆ ಮುಂದಿನ ಮೋಟರು ನಡುಗಬೇಕೋ ಹಿಂದಿನದೋ ಅನ್ನುವುದನ್ನೂ ಬೆಲ್ಟು ಕಟ್ಟಿಕೊಳ್ಳುವವರನ್ನೇ ಕೇಳಿ ತೀರ್ಮಾನಿಸಿದೆವು. ಕತ್ತಲಲ್ಲಿ ಗೋಡೆ ತಾಗಿದರೆ ಹಿಂದೆ ಸರಿಯುವ ಹಾಗೆ, ತಾಗಿದ ಕಡೆಯಿಂದ ದೂರ ಸರಿಯುವುದೇ ಅವರಿಗೆ ಸಹಜವಾಗಿತ್ತು. ಸುಮ್ಮನೆ ನಿಂತವರೂ ಒಂದಿಷ್ಟು ತೂಗಾಡುತ್ತಿರುತ್ತಾರೆ. ಅದಕ್ಕೆಲ್ಲ ನಡುಗಿದರೆ ಬೆಲ್ಟನ್ನು ಬಿಚ್ಚಿ ಮೂಲೆಗೆ ಎಸೆಯುತ್ತಾರೆ, ಸರಿಯಾಗಿಯೇ. ಇದು ಬಹುಪಾಲು ಹೊತ್ತು ಸುಮ್ಮನಿರಬೇಕು. ರಂಗೋಲಿಗೆ ಬಗ್ಗುವುದು ಬೀಳುವುದಲ್ಲವಲ್ಲ. ಕೋನ ಬಹಳ ದೊಡ್ಡದಾಗಿ ಅಲ್ಲೇ ನಿಂತರೆ ಬೇಕೆಂದೇ ಬಗ್ಗಿದ್ದಾರೆಂದು ತಿಳಿದು ಮೋಟರನ್ನು ನಿಲ್ಲಿಸುತ್ತೇನೆ.

ಪರೀಕ್ಷೆಯ ಹೊತ್ತಿನಲ್ಲಿ ಫಿಸಿಯೋ ಪಕ್ಕದಲ್ಲೇ ಕೈ ಚಾಚಿ ನಿಂತಿರುತ್ತಾರೆ, ಇದರಲ್ಲಿ ರಾಜಿಯಿಲ್ಲ. ಸ್ನಾನಕ್ಕೆ ಹೋಗುವಾಗ ಬೆಲ್ಟು ಬಟ್ಟೆಯ ಜೊತೆಗೇ ಕಳಚುತ್ತದೆ, ನೆಲ ಜಾರುವುದೂ ಅಲ್ಲೇ. ಆದ್ದರಿಂದ ಬೆಲ್ಟು ಕೊಡುವ ಮೊದಲು ಬಚ್ಚಲ ಗೋಡೆಗೆ ಗಟ್ಟಿಯಾದ ಹಿಡಿಕೆ ಹಾಕಿಸಿ ಎಂದು ಮನೆಯವರಿಗೆ ಹೇಳುತ್ತೇನೆ, ಹಾಕಿಸಿದರೋ ಇಲ್ಲವೋ ಎಂದು ಫೋನು ಮಾಡಿ ಕೇಳುತ್ತೇನೆ.