ನಲವತ್ತು ದಾಟಿದ ಮೇಲೆ ನನ್ನ ಬ್ಯಾಟಿಂಗ್ ಸುಧಾರಿಸಿದ ಬಗೆ

ಬೆಂಗಳೂರಿನ ಲೀಗ್ ಪಂದ್ಯಗಳಲ್ಲಿ ಮೂವತ್ತೈದು ದಾಟಿದ ಬ್ಯಾಟರ್‌ಗೆ ಸಾಮಾನ್ಯವಾಗಿ ಸಿಗುವ ಸಲಹೆಗಳು ಎರಡೇ: ಕೆಳ ಕ್ರಮಾಂಕಕ್ಕೆ ಇಳಿಯುವುದು, ಇಲ್ಲವೇ ಹುಡುಗರಿಗೆ ಜಾಗ ಬಿಟ್ಟು ತರಬೇತಿಯ ಕಡೆ ಹೊರಳುವುದು. ನನಗೂ ಈ ಎರಡು ಮಾತುಗಳನ್ನು ಹೇಳಿದವರು ನನ್ನ ಒಳಿತನ್ನು ಬಯಸುವವರೇ. ಆದರೆ ಮಧ್ಯಮ ಕ್ರಮಾಂಕದ ಬಲಗೈ ಬ್ಯಾಟರ್ ಆಗಿ ನಾನು ನಮ್ಮ ಕ್ಲಬ್‌ಗೆ ಅತ್ಯಂತ ಸ್ಥಿರವಾಗಿ ರನ್ ಗಳಿಸಿದ್ದು ನಲವತ್ತು ತುಂಬಿದ ನಂತರದ ಋತುಗಳಲ್ಲಿ. ವಯಸ್ಸಾದ ಮೇಲೆ ಕೈ ವೇಗವಾಗುವುದಿಲ್ಲ. ಆದ್ದರಿಂದ ಸುಧಾರಣೆ ಬಂದದ್ದು ವೇಗದಿಂದಲ್ಲ, ಚೆಂಡು ಬೌಲರ್‌ನ ಕೈ ಬಿಡುವ ಮುನ್ನವೇ ನನ್ನ ಕೆಲಸವನ್ನು ಮುಗಿಸಿಕೊಳ್ಳುವುದನ್ನು ಕಲಿತದ್ದರಿಂದ.

ಎರಡು ಬ್ಯಾಟಿಂಗ್ ಕ್ರೀಸ್‌ಗಳ ನಡುವಿನ ಅಂತರ 17.68 ಮೀಟರ್. ಗಂಟೆಗೆ 120 ಕಿ.ಮೀ. ವೇಗದಲ್ಲಿ ಹೊರಟ ಚೆಂಡು ಅಷ್ಟು ದೂರ ಬರಲು ಅರ್ಧ ಸೆಕೆಂಡಿಗಿಂತ ತುಸು ಹೆಚ್ಚು ಸಮಯ ಸಾಕು. ಚೆಂಡಿನ ಉದ್ದಳತೆಯನ್ನು, ಅಂದರೆ ಅದು ಪಿಚ್‌ನಲ್ಲಿ ಎಲ್ಲಿ ಪುಟಿಯುತ್ತದೆ ಎಂಬುದನ್ನು ಗುರುತಿಸುವುದು, ಮುಂದೆ ಹೋಗಬೇಕೋ ಹಿಂದೆ ಸರಿಯಬೇಕೋ ಎಂದು ತೀರ್ಮಾನಿಸುವುದು, ಕಾಲು ಸರಿಸುವುದು, ಬ್ಯಾಟ್ ಇಳಿಸುವುದು, ಎಲ್ಲವೂ ಅಷ್ಟರೊಳಗೆ ಆಗಬೇಕು. ಇಪ್ಪತ್ತೈದರಲ್ಲಿ ನಾನು ಬ್ಯಾಟಿನ ತುದಿಯಿಂದ ನೆಲವನ್ನು ತಟ್ಟುತ್ತಾ ನಿಂತು, ಚೆಂಡು ಕೈ ಬಿಟ್ಟ ಮೇಲೆ ಬ್ಯಾಟ್ ಎತ್ತಿ ಕಾಲಿಡುತ್ತಿದ್ದೆ, ಮತ್ತು ಆ ವಯಸ್ಸಿಗೆ ಅದು ಸಾಲುತ್ತಿತ್ತು. ನಲವತ್ತರ ಹೊತ್ತಿಗೆ ಅದೇ ಕ್ರಮದಲ್ಲಿ ಕೊನೆಯ ಕೆಲಸಕ್ಕೆ ಸಮಯ ಉಳಿಯುತ್ತಿರಲಿಲ್ಲ. ನನ್ನ ವಯಸ್ಸಿನ ಬಹುತೇಕ ಬ್ಯಾಟರ್‌ಗಳು ಇದನ್ನು ಕಣ್ಣಿನ ದೋಷವೆಂದೋ ನಸೀಬೆಂದೋ ಭಾವಿಸುತ್ತಾರೆ. ನನ್ನ ಅಭಿಪ್ರಾಯದಲ್ಲಿ ಹೆಚ್ಚಿನವರಲ್ಲಿ ಅದು ಕೆಲಸಗಳ ಕ್ರಮಕ್ಕೆ ಸಂಬಂಧಿಸಿದ್ದು.

ಹಾಗಾಗಿ ಮೊದಲು ಬದಲಿಸಿದ್ದು ಕ್ರಮವನ್ನು. ಬೌಲರ್ ಕೊನೆಯ ಹೆಜ್ಜೆಗಳಿಗೆ ಬರುವಾಗಲೇ ಬ್ಯಾಟನ್ನು ಸೊಂಟದ ಎತ್ತರಕ್ಕೆ ಎತ್ತಿ ಹಿಡಿಯಲು ಆರಂಭಿಸಿದೆ. ಅವನು ನೆಗೆದಾಗ ನನ್ನ ಹಿಂಗಾಲು ಆಫ್ ಸ್ಟಂಪಿನ ಕಡೆಗೆ ಒಂದು ಗೇಣಿನಷ್ಟು ಸರಿದು ನೆಲಕ್ಕೆ ಕೂರಬೇಕು. ಚೆಂಡು ಕೈ ಬಿಡುವ ಕ್ಷಣದಲ್ಲಿ ದೇಹದ ಯಾವ ಭಾಗವೂ ಅಲುಗಬಾರದು. ಇದನ್ನು ಟ್ರಿಗರ್ ಮೂವ್‌ಮೆಂಟ್ ಎನ್ನುತ್ತಾರೆ, ಹೊಸದೇನೂ ಅಲ್ಲ. ಕಷ್ಟವಿರುವುದು ಅದು ಯಾವಾಗ ಮುಗಿಯಬೇಕು ಎಂಬುದರಲ್ಲಿ. ನೆಟ್ಸ್‌ನಲ್ಲಿ ಪಾಯಿಂಟ್ ದಿಕ್ಕಿನಲ್ಲಿ, ಅಂದರೆ ಆಫ್ ಬದಿಯ ಪಕ್ಕದಿಂದ, ಟ್ರೈಪಾಡ್ ಮೇಲೆ ಮೊಬೈಲ್ ನಿಲ್ಲಿಸಿ, ಬೌಲರ್‌ನ ಕೈಯೂ ನನ್ನ ಪಾದವೂ ಒಂದೇ ಚೌಕಟ್ಟಿನಲ್ಲಿ ಬರುವಂತೆ ನಿಧಾನಗತಿಯಲ್ಲಿ ಚಿತ್ರಿಸಿಕೊಂಡೆ. ಚೆಂಡು ಬೆರಳು ಬಿಟ್ಟ ಚೌಕಟ್ಟಿನಲ್ಲಿ ವಿಡಿಯೊ ನಿಲ್ಲಿಸಿ ಹಿಂಗಾಲಿನ ಹಿಮ್ಮಡಿಯನ್ನು ಮಾತ್ರ ನೋಡುವುದು: ಅದು ಇನ್ನೂ ಗಾಳಿಯಲ್ಲಿದ್ದರೆ ನಾನು ತಡವಾಗಿದ್ದೇನೆ ಎಂದರ್ಥ. ಉಳಿದ ಯಾವ ವಿವರವನ್ನೂ ಆ ಹಂತದಲ್ಲಿ ನೋಡಲಿಲ್ಲ, ಏಕೆಂದರೆ ಒಮ್ಮೆಗೆ ಒಂದಕ್ಕಿಂತ ಹೆಚ್ಚು ಸಂಗತಿಯನ್ನು ತಿದ್ದುವ ತಾಳ್ಮೆ ದೇಹಕ್ಕೆ ಇರುವುದಿಲ್ಲ.

ಈ ಅಭ್ಯಾಸಕ್ಕೆ ನಿಜವಾದ ಬೌಲರ್‌ಗಿಂತ ಸೈಡ್‌ಆರ್ಮ್‌ನಿಂದ ಹಾಕಿಸಿಕೊಳ್ಳುವ ಥ್ರೋಡೌನ್ (ಬೌಲ್ ಮಾಡದೆ ಅಭ್ಯಾಸಕ್ಕಾಗಿ ಎಸೆದುಕೊಡುವ ಚೆಂಡು) ಉಪಯುಕ್ತವಾಯಿತು. ಉದ್ದನೆಯ ಹಿಡಿಯ ತುದಿಯಲ್ಲಿ ಚೆಂಡು ಕೂರುವ ಬಟ್ಟಲಿರುವ ಆ ಸಾಧನದಿಂದ, ತೋಳಿಗೆ ಹೆಚ್ಚು ದಣಿವಾಗದೆ ಒಂದೇ ಜಾಗಕ್ಕೆ ಮತ್ತೆ ಮತ್ತೆ ವೇಗವಾಗಿ ಎಸೆಯಬಹುದು. ಭಾರತ ತಂಡದ ಥ್ರೋಡೌನ್ ಪರಿಣತ, ನಮ್ಮ ಕುಮಟಾದ ರಾಘವೇಂದ್ರ ಅವರ ಕೈಯಲ್ಲಿ ಅದು ಎಂತಹ ಆಯುಧವಾಗಿದೆ ಎಂಬುದು ಕ್ರಿಕೆಟ್ ಬಲ್ಲವರಿಗೆಲ್ಲ ಗೊತ್ತು. ನಮ್ಮ ಮಟ್ಟದಲ್ಲಿ ಅಷ್ಟು ವೇಗ ಬೇಕಿಲ್ಲ. ಹದಿನಾರು ಹೆಜ್ಜೆ ದೂರದಿಂದ ಎಸೆಯುವ ತಾಳ್ಮೆಯ ಗೆಳೆಯನೊಬ್ಬ ಸಿಕ್ಕರೆ ಸಾಕು.

ಬ್ಯಾಟಿನ ವಿಷಯವನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಭಾರವಾದ ಬ್ಯಾಟನ್ನು ಬಿಟ್ಟು, ಎತ್ತಿ ಹಿಡಿದಾಗ ಮಣಿಕಟ್ಟಿಗೆ ಹಗುರವೆನಿಸುವ ಬ್ಯಾಟನ್ನು ಆರಿಸಿಕೊಂಡೆ. ತಕ್ಕಡಿಯ ತೂಕಕ್ಕಿಂತ ಕೈಯಲ್ಲಿ ಸಿಗುವ ಪಿಕಪ್ ಮುಖ್ಯ.

ಎರಡನೆಯ ದೊಡ್ಡ ಬದಲಾವಣೆ ಚೆಂಡನ್ನು ಎಲ್ಲಿ ಸಂಧಿಸಬೇಕು ಎಂಬುದು. ಮ್ಯಾಟ್ ಮೇಲೆ ಆಡಿ ಬೆಳೆದ ನಮ್ಮಂಥವರಿಗೆ ನಂಬಿಕೆಯ ಪುಟಿತ ಸಿಗುತ್ತಿದ್ದುದರಿಂದ, ದೇಹಕ್ಕಿಂತ ಬಹಳ ಮುಂದೆ ಚೆಂಡನ್ನು ಹೊಡೆಯುವುದು ರೂಢಿಯಾಗಿರುತ್ತದೆ. ಹುಲ್ಲಿನ ಪಿಚ್‌ನಲ್ಲಿ ಚೆಂಡು ಹೊರಳಿದಾಗ ಆ ರೂಢಿ ಸ್ಲಿಪ್‌ನಲ್ಲಿ ಕ್ಯಾಚ್ ಕೊಡಿಸುತ್ತದೆ. ಇದಕ್ಕೆ ನನ್ನ ಪಾಠವಾದದ್ದು ರಾಹುಲ್ ದ್ರಾವಿಡ್ ಅವರ 2011ರ ಇಂಗ್ಲೆಂಡ್ ಪ್ರವಾಸ. ಭಾರತ 0-4ರಿಂದ ಸೋತ ಆ ಸರಣಿಯಲ್ಲಿ, 38ರ ವಯಸ್ಸಿನಲ್ಲಿ, ಅವರು ಲಾರ್ಡ್ಸ್, ಟ್ರೆಂಟ್ ಬ್ರಿಡ್ಜ್ ಮತ್ತು ಓವಲ್‌ನಲ್ಲಿ ಮೂರು ಶತಕಗಳೊಂದಿಗೆ 461 ರನ್ ಗಳಿಸಿದರು. ಓವಲ್‌ನಲ್ಲಿ ಆರಂಭಿಕನಾಗಿ ಇಳಿದು ಇನಿಂಗ್ಸ್ ಮುಗಿಯುವವರೆಗೂ ಅಜೇಯರಾಗಿ ಉಳಿದು 146 ಮಾಡಿದರು. ಆ ಇನಿಂಗ್ಸ್‌ಗಳ ದೃಶ್ಯಗಳನ್ನು ನಾನು ನೋಡಿದ್ದು ಹೊಡೆತಗಳಿಗಾಗಿ ಅಲ್ಲ, ಬ್ಯಾಟು ಮತ್ತು ಚೆಂಡು ಸೇರುವ ಜಾಗಕ್ಕಾಗಿ: ಅದು ಬಹುತೇಕ ಸಲ ಅವರ ಕಣ್ಣಿನ ನೇರ ಕೆಳಗೆ, ಮುಂಗಾಲಿನ ಪ್ಯಾಡಿನ ಪಕ್ಕದಲ್ಲೇ ಇರುತ್ತಿತ್ತು.

ಅದನ್ನು ನನ್ನದಾಗಿಸಿಕೊಳ್ಳಲು ಮುಂಗಾಲು ಊರುವ ಜಾಗದ ಆಚೆ ಒಂದು ಪ್ಲಾಸ್ಟಿಕ್ ಕೋನ್ ಇಟ್ಟು, ಅದನ್ನು ದಾಟಿ ನನ್ನ ಕಡೆಗೆ ಬಂದ ಚೆಂಡನ್ನು ಮಾತ್ರ ಆಡುವ ನಿಯಮ ಹಾಕಿಕೊಂಡೆ. ಆರಂಭದಲ್ಲಿ ಚೆಂಡು ತಪ್ಪಿಹೋಗುತ್ತದೇನೋ ಎಂಬ ಆತಂಕದಿಂದ ಕೈಗಳು ತಾವಾಗಿಯೇ ಮುಂದೆ ಚಾಚುತ್ತವೆ. ಕೆಳಗೈಯ ಹಿಡಿತವನ್ನು ಹೆಬ್ಬೆರಳು ಮತ್ತು ತೋರುಬೆರಳಿಗೆ ಮಾತ್ರ ಬಿಟ್ಟಾಗ ಆ ಚಾಚುವಿಕೆ ಕಡಿಮೆಯಾಯಿತು, ಮತ್ತು ಬ್ಯಾಟಿಗೆ ತಗುಲಿದ ಸದ್ದೇ ಬೇರೆಯಾಯಿತು. ತಡವಾಗಿ ಆಡಿದಾಗ ಥರ್ಡ್ ಮ್ಯಾನ್ ಕಡೆಗೂ ಮಿಡ್ ವಿಕೆಟ್ ಕಡೆಗೂ ಸಿಂಗಲ್‌ಗಳು ಸಹಜವಾಗಿ ಸಿಗುತ್ತವೆ; ನನ್ನ ವಯಸ್ಸಿನಲ್ಲಿ ಆ ಸಿಂಗಲ್‌ಗಳ ಬೆಲೆ ಬೌಂಡರಿಗಿಂತ ಕಡಿಮೆಯಲ್ಲ, ಏಕೆಂದರೆ ಅವು ನಿಂತ ಆಟವನ್ನು ಚಲಿಸುವಂತೆ ಮಾಡಿ ಒತ್ತಡವನ್ನು ಬೌಲರ್‌ಗೆ ದಾಟಿಸುತ್ತವೆ.

ಹೊಡೆತಗಳನ್ನು ಕೈಬಿಡುವುದೂ ಕಲಿಕೆಯೇ. 2004ರ ಜನವರಿಯಲ್ಲಿ ಸಿಡ್ನಿಯಲ್ಲಿ ಸಚಿನ್ ತೆಂಡೂಲ್ಕರ್ ಕವರ್ ಡ್ರೈವ್ ಅನ್ನು ಬದಿಗಿಟ್ಟು ಅಜೇಯ 241 ಗಳಿಸಿದ್ದು ಎಲ್ಲರಿಗೂ ಗೊತ್ತಿರುವ ಕಥೆ. ನಾನು ಕೂಡ ಇನಿಂಗ್ಸ್‌ನ ಆರಂಭದಲ್ಲಿ ಆಫ್ ಸ್ಟಂಪಿನಾಚೆಯ ಚೆಂಡಿಗೆ ಡ್ರೈವ್ ಮಾಡುವುದನ್ನು ನಿಲ್ಲಿಸಿದೆ. ಅದರ ಬದಲಿಗೆ ಎಡಗೈ ಸ್ಪಿನ್ನರ್‌ಗಳ ವಿರುದ್ಧ ಸ್ವೀಪ್ ಅನ್ನು ಬುಡದಿಂದ ಕಲಿತೆ. ಲೀಗ್‌ನಲ್ಲಿ ಮಧ್ಯದ ಓವರ್‌ಗಳನ್ನು ಹಾಕುವವರು ಹೆಚ್ಚಾಗಿ ಅವರೇ. ಆಫ್ ಸ್ಟಂಪ್ ಮೇಲೆ ಒಂದೇ ಜಾಗದಲ್ಲಿ ಹಾಕುತ್ತಾ, ನಾವು ಬೇಸತ್ತು ಮುನ್ನುಗ್ಗುವುದನ್ನೇ ಕಾಯುತ್ತಾರೆ. ಹಿಂಗಾಲಿನ ಮಂಡಿಯನ್ನು ನೆಲಕ್ಕೆ ತಾಗಿಸಿ, ಮೂಗಿನ ತುದಿಯನ್ನು ಮುಂಗಾಲಿನ ಮಂಡಿಯ ಮೇಲೆ ತಂದು, ಬ್ಯಾಟನ್ನು ಮೇಲಿನಿಂದ ಕೆಳಕ್ಕೆ ಇಳಿಸಿದರೆ ಚೆಂಡು ಸ್ಕ್ವೇರ್ ಲೆಗ್‌ಗೆ ನೆಲದ ಮೇಲೇ ಸಾಗುತ್ತದೆ. ಒಂದೆರಡು ಸ್ವೀಪ್ ತಗುಲಿದ ಕೂಡಲೇ ನಾಯಕ ಕವರ್‌ನಿಂದ ಒಬ್ಬನನ್ನು ಎತ್ತಿ ಲೆಗ್ ಕಡೆಗೆ ಹಾಕುತ್ತಾನೆ, ಮತ್ತು ಅಲ್ಲಿಯವರೆಗೆ ಮುಚ್ಚಿದ್ದ ಕವರ್ ತೆರೆದುಕೊಳ್ಳುತ್ತದೆ. ಇದಕ್ಕೆ ಸೊಂಟ ಮತ್ತು ತೊಡೆ ಬಾಗಬೇಕು. ಹಾಗಾಗಿ ಬ್ಯಾಟ್ ಹಿಡಿಯುವ ಮುನ್ನ ಆ ಸ್ನಾಯುಗಳನ್ನು ಸಡಿಲಿಸುವುದಕ್ಕೆ ನಾನು ಕೊಡುವ ಸಮಯ ಹುಡುಗರು ಕೊಡುವುದಕ್ಕಿಂತ ಬಹಳ ಹೆಚ್ಚು.

ಜ್ಯಾಕ್ ಹಾಬ್ಸ್ 1929ರಲ್ಲಿ ಮೆಲ್ಬರ್ನ್‌ನಲ್ಲಿ ಟೆಸ್ಟ್ ಶತಕ ಬಾರಿಸಿದಾಗ ಅವರಿಗೆ 46 ವರ್ಷ. ಕುಮಾರ ಸಂಗಕ್ಕಾರ 2015ರ ವಿಶ್ವಕಪ್‌ನಲ್ಲಿ ಸತತ ನಾಲ್ಕು ಶತಕ ಗಳಿಸಿದ್ದು 37ರಲ್ಲಿ. 2022ರ ಐಪಿಎಲ್‌ನಲ್ಲಿ ಆರ್‌ಸಿಬಿ ಪರ 183.33ರ ಸ್ಟ್ರೈಕ್ ರೇಟ್‌ನಲ್ಲಿ 330 ರನ್ ಗಳಿಸಿದ ದಿನೇಶ್ ಕಾರ್ತಿಕ್ ತಮ್ಮ ಪಾತ್ರವನ್ನು ಕೊನೆಯ ಓವರ್‌ಗಳಿಗೆ ಸೀಮಿತಗೊಳಿಸಿ, ಅದಕ್ಕೆ ಬೇಕಾದ ಅಭ್ಯಾಸವನ್ನೇ ಮಾಡಿದವರು. ಇವರು ಅಸಾಮಾನ್ಯರು, ನಮ್ಮ ಆಟಕ್ಕೂ ಅವರ ಆಟಕ್ಕೂ ಹೋಲಿಕೆಯಿಲ್ಲ. ಆದರೂ ಕಾರ್ತಿಕ್ ಅವರ ಉದಾಹರಣೆ ಕ್ಲಬ್ ಆಟಗಾರನಿಗೆ ನೇರವಾಗಿ ಉಪಯೋಗಕ್ಕೆ ಬರುತ್ತದೆ: ತಂಡದಲ್ಲಿ ನನ್ನ ಕೆಲಸ ಯಾವುದೆಂದು ನಾಯಕನೊಂದಿಗೆ ಕುಳಿತು ಸ್ಪಷ್ಟಪಡಿಸಿಕೊಂಡ ಮೇಲೆ, ನೆಟ್ಸ್‌ನಲ್ಲಿ ಹೊಸ ಚೆಂಡಿನ ಮುಂದೆ ಕಳೆಯುವ ಸಮಯವನ್ನು ಇಳಿಸಿ, ಹಳೆಯ ಚೆಂಡು ಮತ್ತು ಸ್ಪಿನ್ ಎದುರಿಸುವುದಕ್ಕೆ ಹೆಚ್ಚು ಸಮಯ ಕೊಟ್ಟೆ.

ನಲವತ್ತು ದಾಟಿದವರೆಲ್ಲ ಕಣ್ಣು ಪರೀಕ್ಷಿಸಿಕೊಳ್ಳಲೇಬೇಕು. ಓದುವ ಕನ್ನಡಕದ ಮಾತಲ್ಲ ಇದು. ದೂರದೃಷ್ಟಿಯಲ್ಲಿ ಅಲ್ಪ ಪ್ರಮಾಣದ ಸಿಲಿಂಡರ್ ಪವರ್ (ಅಸ್ಟಿಗ್ಮ್ಯಾಟಿಸಮ್ ದೋಷ) ಇದ್ದರೂ ದಿನದ ಕೆಲಸಕ್ಕೆ ತೊಂದರೆಯಾಗುವುದಿಲ್ಲ, ಆದರೆ ಸಂಜೆಯ ಬೆಳಕಿನಲ್ಲಿ ಚೆಂಡಿನ ಸೀಮ್, ಅಂದರೆ ಹೊಲಿಗೆಯ ಗೆರೆ, ಮಸುಕಾಗುತ್ತದೆ. ಲೆನ್ಸ್ ಹಾಕಿಕೊಂಡ ಮೇಲೆ ಸ್ಪಿನ್ನರ್‌ನ ಕೈಯಲ್ಲಿ ಸೀಮ್ ಯಾವ ಕಡೆ ವಾಲಿದೆ ಎಂಬುದು ನನಗೆ ಮತ್ತೆ ಕಾಣತೊಡಗಿತು.

ಈ ಮಳೆಗಾಲದಲ್ಲಿ ಒಳಾಂಗಣ ನೆಟ್ಸ್‌ನಲ್ಲಿ ಕೆಲಸ ನಡೆಯುತ್ತಿರುವುದು ಪುಲ್ ಹೊಡೆತದ ಮೇಲೆ, ಅಂದರೆ ಎತ್ತರಕ್ಕೆ ಪುಟಿದ ಚೆಂಡನ್ನು ಲೆಗ್ ಕಡೆಗೆ ಅಡ್ಡ ಬ್ಯಾಟಿನಿಂದ ಹೊಡೆಯುವುದರ ಮೇಲೆ. ಹಿಂಗಾಲು ಮೊದಲೇ ಸರಿದು ಕೂರುವುದರಿಂದ ಶಾರ್ಟ್ ಪಿಚ್ ಚೆಂಡಿಗೆ ಸಮಯ ಸಿಗುತ್ತಿದೆ, ಆದರೆ ಭುಜದೆತ್ತರದ ಚೆಂಡಿನ ಮೇಲೆ ಮಣಿಕಟ್ಟು ಹೊರಳಿಸುವುದು ಇನ್ನೂ ಹಿಡಿತಕ್ಕೆ ಬಂದಿಲ್ಲ. ಅದಕ್ಕಾಗಿ ಈಗ ಟೆನಿಸ್ ಚೆಂಡನ್ನು ನೆನೆಸಿ, ಸಿಮೆಂಟ್ ನೆಲದ ಮೇಲೆ ಅರ್ಧ ಪಿಚ್ ದೂರದಿಂದ ಹಾಕಿಸಿಕೊಳ್ಳುತ್ತಿದ್ದೇನೆ.