ಕೈಯಲ್ಲಿ ಬಿಡಿಸಿದ ಚಿತ್ರವನ್ನು ಅಂಗಿಗೆ ಇಳಿಸುವ ಬಗೆ

ಹಾಳೆಯ ಮೇಲೆ ಚೆಂದ ಕಾಣುವ ಚಿತ್ರವೆಲ್ಲ ಅಂಗಿಯ ಮೇಲೂ ಹಾಗೆಯೇ ಕಾಣುತ್ತದೆಂದು ನೆಚ್ಚುವಂತಿಲ್ಲ. ಅಂಗಿಯ ಚಿತ್ರವನ್ನು ಜನ ನಾಲ್ಕಾರು ಅಡಿ ದೂರದಿಂದ, ಓಡಾಡುವ ಮೈಮೇಲೆ, ಬಟ್ಟೆಯ ನಿರಿಗೆಗಳ ನಡುವೆ ನೋಡುತ್ತಾರೆ. ಆದ್ದರಿಂದ ಸ್ವತಂತ್ರವಾಗಿ ಕೆಲಸ ಮಾಡುವ ಕಲಾವಿದರು ಮೊದಲ ಗೆರೆ ಎಳೆಯುವಾಗಲೇ ಬಟ್ಟೆಯನ್ನು ಗಮನದಲ್ಲಿಟ್ಟುಕೊಳ್ಳಬೇಕು.

ಚಿತ್ರವನ್ನು ಅಚ್ಚಾಗಬೇಕಾದ ಅಳತೆಯಲ್ಲಿಯೇ ಬಿಡಿಸುವುದು ಒಳ್ಳೆಯದು. ದೊಡ್ಡವರ ಟೀ ಶರ್ಟಿನ ಎದೆಭಾಗಕ್ಕೆ ಸಾಮಾನ್ಯವಾಗಿ 25ರಿಂದ 30 ಸೆಂ.ಮೀ. ಅಗಲ ಸಾಕಾಗುವುದರಿಂದ ಎ3 ಹಾಳೆಯೊಂದು ಸಾಲುತ್ತದೆ. ಚಿಕ್ಕ ಪುಸ್ತಕದಲ್ಲಿ ಗೀಚಿದ್ದನ್ನು ಹಿಗ್ಗಿಸಿದರೆ ಗೆರೆಯ ಜೊತೆಗೆ ಕೈನಡುಕವೂ ದೊಡ್ಡದಾಗುತ್ತದೆ. ದೊಡ್ಡ ಚಿತ್ರವನ್ನು ಕುಗ್ಗಿಸಿದರೆ ಗೀರುಗಳ ನಡುವಿನ ಸಂದು ಮುಚ್ಚಿಹೋಗುತ್ತದೆ. ಮುಗಿದ ಚಿತ್ರದ ನಕಲನ್ನು ಕತ್ತರಿಸಿ, ಅಂಗಿ ತೊಟ್ಟವರೊಬ್ಬರ ಎದೆಯ ಮೇಲೆ ಅಂಟಿಸಿ ನೋಡಿ. ಮೇಜಿನ ಮೇಲೆ ಹರಡಿದಾಗ ಸರಿಯಾಗಿ ನಡುವಿನಲ್ಲಿದ್ದಂತೆ ತೋರಿದ ಚಿತ್ರ ತೊಟ್ಟಾಗ ಹೊಟ್ಟೆಯ ಮೇಲೆ ಕೂತಿರುವುದು ಆಗ ತಿಳಿಯುತ್ತದೆ.

ಜಾಲರಿಯ ಪರದೆಯ ಮೂಲಕ ಶಾಯಿಯನ್ನು ಬಟ್ಟೆಗೆ ಒತ್ತುವ ಸ್ಕ್ರೀನ್ ಪ್ರಿಂಟಿಂಗ್‌ನಲ್ಲಿ ಪರದೆಯ ಒಂದೊಂದು ಭಾಗವೂ ಶಾಯಿಯನ್ನು ಬಿಡುತ್ತದೆ ಇಲ್ಲವೇ ತಡೆಯುತ್ತದೆ, ನಡುವಿನ ಸ್ಥಿತಿ ಎಂಬುದಿಲ್ಲ. ಹೀಗಾಗಿ ಪೆನ್ಸಿಲಿನ ಬೂದು ಛಾಯೆಯನ್ನು ಬಿಟ್ಟು, ನೆರಳನ್ನು ಕಪ್ಪು ಶಾಯಿಯ ಗೀರು, ಚುಕ್ಕೆಗಳಲ್ಲಿಯೇ ತರುವುದು ಲೇಸು. ಬಟ್ಟೆಯಲ್ಲಿ ಶಾಯಿ ಅಂಚಿನಾಚೆಗೆ ತುಸು ಹರಡುವುದರಿಂದ ಕಪ್ಪು ಗೆರೆ ದಪ್ಪವಾಗುತ್ತದೆ, ಕಪ್ಪಿನೊಳಗೆ ಬಿಟ್ಟ ಬಿಳಿ ಗೆರೆ ಕಿರಿದಾಗುತ್ತದೆ. ಕಪ್ಪು ಗೆರೆಗೆ ಕನಿಷ್ಠ ಅರ್ಧ ಮಿಲಿಮೀಟರ್, ಬಿಳಿ ಸಂದಿಗೆ ಅದರ ಇಮ್ಮಡಿ ಇಟ್ಟುಕೊಂಡರೆ ಕಣ್ರೆಪ್ಪೆ, ಎಲೆಯ ನರಗಳಂಥ ವಿವರಗಳು ಉಳಿಯುತ್ತವೆ. ದಪ್ಪ ಆಕಾರಗಳಿಗೆ ಸೆಂಟಿಮೀಟರಿಗೆ 43 ಎಳೆಗಳ ಜಾಲರಿ ಸಾಕು. ನವಿರು ಗೀರುಗಳಿಗೆ ಇನ್ನೂ ಒತ್ತಾದದ್ದು ಬೇಕು.

ಹಾಳೆಯನ್ನು ಕನಿಷ್ಠ 600 ಡಿಪಿಐನಲ್ಲಿ (ಅಂಗುಲಕ್ಕೆ 600 ಚುಕ್ಕೆಗಳು) ಸ್ಕ್ಯಾನ್ ಮಾಡಿ, ಧೂಳಿನ ಚುಕ್ಕೆ, ಅಳಿಸಿದ ಪೆನ್ಸಿಲಿನ ಗುರುತುಗಳನ್ನು ತೆಗೆದುಹಾಕಿ. ಗೆರೆಗಳನ್ನು ತಾನಾಗಿಯೇ ನುಣುಪುಗೊಳಿಸುವ ಸಾಫ್ಟ್‌ವೇರ್ ಸೌಲಭ್ಯವನ್ನು ಮಾತ್ರ ಬಳಸಬೇಡಿ. ಕುಂಚದ ಶಾಯಿ ತೀರುತ್ತ ಬಂದಾಗ ಗೆರೆಯ ತುದಿ ಒಡೆದು ಒರಟಾಗುತ್ತದಲ್ಲ, ಅದನ್ನು ಅಳಿಸಿದ ಮೇಲೆ ಕೈಯಲ್ಲಿ ಬಿಡಿಸಿದ್ದಕ್ಕೆ ಅರ್ಥವೇ ಇರುವುದಿಲ್ಲ.

ಒಂದೊಂದು ಬಣ್ಣಕ್ಕೂ ಬೇರೆ ಪರದೆ ಬೇಕಾಗುವುದರಿಂದ ಒಂದೇ ಬಣ್ಣದಿಂದ ಆರಂಭಿಸಿ, ಬಟ್ಟೆಯ ಬಣ್ಣವನ್ನೇ ಎರಡನೆಯದಾಗಿ ಬಳಸಿಕೊಳ್ಳುವುದು ಜಾಣತನ. ಗಾಢ ಬಟ್ಟೆಯ ಮೇಲೆ ತಿಳಿಬಣ್ಣ ಎದ್ದು ಕಾಣಲು ಸಾಮಾನ್ಯವಾಗಿ ಕೆಳಗೆ ಬಿಳಿಯ ಪದರ ಹಾಕಬೇಕಾಗುತ್ತದೆ. ಅದರಿಂದ ಅಚ್ಚು ದಪ್ಪವಾಗಿ ಮೈಗೆ ಬಿರುಸೆನಿಸಬಹುದು.

ಮುಟ್ಟಿದಾಗ ಒಣಗಿದೆ ಎನಿಸಿದರೆ ಶಾಯಿ ಗಟ್ಟಿಯಾಗಿದೆ ಎಂದಲ್ಲ. ಪ್ಲಾಸ್ಟಿಸಾಲ್ ಎಂಬ ಪ್ಲಾಸ್ಟಿಕ್ ಆಧಾರಿತ ಶಾಯಿ ಗಾಳಿಗೆ ಒಣಗುವುದೇ ಇಲ್ಲ. ಸಾಮಾನ್ಯ ಬಗೆಯದಾದರೆ ಇಡೀ ಪದರ ಸುಮಾರು 160 ಡಿಗ್ರಿ ಸೆಲ್ಸಿಯಸ್ ತಲುಪಬೇಕು. ನೀರಿನಂಶದ ಶಾಯಿಗೆ ಮೊದಲು ನೀರು ಆರಿ, ಆಮೇಲೆ ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಕಾವು ತಗಲಬೇಕು. ಪ್ಲಾಸ್ಟಿಸಾಲ್ ಅಚ್ಚು ತಣ್ಣಗಾದ ಮೇಲೆ ಬಟ್ಟೆಯನ್ನು ಮೆಲ್ಲಗೆ ಎಳೆದಾಗ ಬಿರುಕು ಬಿಟ್ಟರೆ ಬಹುಮಟ್ಟಿಗೆ ಕಾವು ಸಾಲದೆಂದೇ ಅರ್ಥ.

ಮಾರಾಟಕ್ಕೆ ಇಡುವ ಮೊದಲು ಒಂದು ಅಂಗಿಯನ್ನು ಹಲವು ಸಲ ಒಗೆದು, ಒಗೆಯದ ಅಂಗಿಯ ಪಕ್ಕದಲ್ಲಿಟ್ಟು ಹೋಲಿಸಿ. ಕೊಳ್ಳುವವರಿಗೆ ಕೊಡುವ ಚೀಟಿಯಲ್ಲಿ, ಅಂಗಿಯನ್ನು ಒಳಹೊರಗು ಮಾಡಿ ತಣ್ಣೀರಿನಲ್ಲಿ ಒಗೆಯಬೇಕು, ಚಿತ್ರದ ಮೇಲೆ ನೇರವಾಗಿ ಇಸ್ತ್ರಿ ಹಾಕಬಾರದು ಎಂದು ಬರೆದಿರಲಿ.